ಕಿಟಕಿ ನನಗೆ, ಹಲಗೆ ಅವ್ವನಿಗೆ

ಎರಡು ವರ್ಷದ ಹಿಂದೆ ನಮ್ಮ ಹಾವೇರಿ ಕಡೆಯ ಪ್ಯಾಸೆಂಜರ್ ರೈಲಿನ ಬಗ್ಗೆ ಒಂದು ಬರಹ ಬರೆದಿದ್ದೆ. ಮರದ ಪಟ್ಟಿಯ ಸೀಟು, ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ನೋಡಿದ ಹತ್ತಿ ಹೊಲ, ಬ್ಯಾಡಗಿ ಬಂತು ಅಂತ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗ್ತಿದ್ದ ಮೆಣಸಿನಕಾಯಿ ಘಾಟು, ಪೇಪರಿನಲ್ಲಿ ಕಟ್ಟಿದ ಮಂಡಕ್ಕಿ-ಮಿರ್ಚಿ, ಎಲ್ಲ ಇತ್ತು ಅದರಲ್ಲಿ. ತುಂಬ ಜನಕ್ಕೆ ಇಷ್ಟ ಆಯ್ತು. ಬೆಂಗಳೂರು, ಪುಣೆ, ಡಲ್ಲಾಸ್‌ನಲ್ಲಿ ಕೂತಿರುವ ನಮ್ಮ ಕಡೆಯ ಹುಡುಗರು ‘ಆ ದಿನಗಳು ಮತ್ತೆ ಬರಲ್ಲ’ ಅಂತ ಬರೆದು ಕಳಿಸಿದರು. ನಾನೂ ಒಳಗೊಳಗೆ ಬೀಗಿದೆ.

ದೀಪಾವಳಿಗೆ ಊರಿಗೆ ಹೋದಾಗ ತಂಗಿ ಅದನ್ನು ಅವ್ವನಿಗೆ ಓದಿ ಹೇಳಿದಳು. ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು. ಕೊನೆಗೆ ಹೇಳಿದ್ದು ಇಷ್ಟೇ: “ಚಲೋ ಬರದೀ. ಆದ್ರ ನಿನಗ ಕಿಟಕಿ ಸಿಕ್ಕಿತ್ತಪಾ. ನನಗ ಹಲಗಿ ಸಿಕ್ಕಿತ್ತು. ತೊಡಿ ಮ್ಯಾಲ ನೀ ಇದ್ದಿ.”

ಅವತ್ತಿನಿಂದ ಆ ಬರಹವನ್ನು ನನಗೆ ತಿರುಗಿ ಓದೋಕೆ ಆಗಿಲ್ಲ. ಅದರಲ್ಲಿ ಬರೆದಿದ್ದು ಯಾವುದೂ ಸುಳ್ಳಲ್ಲ. ಆದರೆ ಅದು ತೊಡೆಯ ಮೇಲೆ ಕೂತವನು ಬರೆದ ವರದಿ. ನನ್ನ ಕೆಳಗೊಂದು ಕುಶನ್ ಇತ್ತು, ಅದು ನಮ್ಮವ್ವ. ಹಾಗಾಗಿ ಈ ಸಲ ಕಿಟಕಿಯಾಚೆಯ ಹೊಲಗಳನ್ನು ಬಿಟ್ಟು ಸೀಟನ್ನೇ ನೋಡೋಣ ಅಂತ ಕೂತಿದ್ದೇನೆ. ಸಿನಿಮಾ ವಿಮರ್ಶೆ, ಪುಸ್ತಕ ವಿಮರ್ಶೆ ಮಾಡ್ತೀವಿ. ಕೋಟ್ಯಂತರ ಜನ ತಮ್ಮ ಬೆನ್ನು ಕೊಟ್ಟು ಅನುಭವಿಸಿದ ಒಂದು ಹಲಗೆಗೂ ವಿಮರ್ಶೆ ಸಲ್ಲಬೇಕು.

ಮೊದಲು ಆ ಡಬ್ಬಿ ಎಂಥದ್ದು ನೋಡೋಣ. ನಮ್ಮ ಹುಬ್ಬಳ್ಳಿ-ಬೆಂಗಳೂರು ಲೈನು ತೊಂಬತ್ತರ ದಶಕದ ನಡುವಿನವರೆಗೆ ಮೀಟರ್‌ಗೇಜ್ ಆಗಿತ್ತು. ನನಗೆ ಸರಿಯಾಗಿ ನೆನಪಿರುವುದು ಅದು ಬ್ರಾಡ್‌ಗೇಜ್ ಆದಮೇಲಿನ ರೈಲು. ಆ ಡಬ್ಬಿಗಳು ಮದರಾಸಿನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಮಾದರಿಯವು, ಐಸಿಎಫ್ ಅಂತಾರಲ್ಲ, ಅವು. ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ತಂತ್ರಜ್ಞಾನ ತಂದು 1955ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಆ ಮಾದರಿಯ ಕೊನೆಯ ಡಬ್ಬಿ ಅಲ್ಲಿಂದ ಹೊರಬಿದ್ದದ್ದು 2018ರ ಜನವರಿಯಲ್ಲಿ. ಅರವತ್ತು ವರ್ಷಕ್ಕೂ ಮೇಲೆ ಓಡಿದ ವಿನ್ಯಾಸ ಕೆಟ್ಟದ್ದು ಅನ್ನೋಕಾಗಲ್ಲ. ಪೂರ್ತಿ ಉಕ್ಕಿನ ಮೈ, ಮರದ ಮೈಯ ಹಳೇ ಡಬ್ಬಿಗಳಿಗಿಂತ ಎಷ್ಟೋ ಗಟ್ಟಿ. ಗಾಲಿಗೂ ಡಬ್ಬಿಗೂ ನಡುವೆ ಎರಡು ಹಂತದ ಸುರುಳಿ ಸ್ಪ್ರಿಂಗು, ಸ್ಪ್ರಿಂಗಿನ ಕುಣಿತ ತಡೆಯೋಕೆ ಎಣ್ಣೆ ತುಂಬಿದ ಡ್ಯಾಶ್‌ಪಾಟು.

ಇಲ್ಲೇ ನನಗೆ ಮೊದಲ ತಕರಾರು. ಪ್ರಯಾಣಿಕನಿಗೆ ಕುಲುಕಾಟ ಆಗಬಾರದು ಅಂತ ಎಂಜಿನಿಯರುಗಳು ಗಾಲಿಯಿಂದ ಯೋಚಿಸುತ್ತ ಮೇಲೆ ಬಂದಿದ್ದಾರೆ. ಬೇರಿಂಗು, ಸ್ಪ್ರಿಂಗು, ಡ್ಯಾಶ್‌ಪಾಟು, ಇನ್ನೊಂದು ಸ್ಪ್ರಿಂಗು, ಆಮೇಲೆ ಡಬ್ಬಿಯ ನೆಲ. ಜನರಲ್ ಡಬ್ಬಿಯಲ್ಲಿ ಆ ಯೋಚನೆ ನೆಲಕ್ಕೆ ಬಂದು ನಿಂತುಬಿಟ್ಟಿದೆ. ನೆಲದಿಂದ ಮನುಷ್ಯನವರೆಗಿನ ಒಂದೂವರೆ ಅಡಿಗೆ ಸಿಕ್ಕಿದ್ದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ಕ್ರೂ ಹೊಡೆದ ಮರದ ಪಟ್ಟಿ.

ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು. ಬೆನ್ನಿಗೆ ಹೆಚ್ಚುಕಡಿಮೆ ನೇರವಾಗಿ ನಿಂತ ಇನ್ನೊಂದು ಹಲಗೆ. ನಾವು ಕೂತಾಗ ನಮ್ಮ ಭಾರ ಹೊರುವುದು ಕುಂಡಿಯೊಳಗಿನ ಎರಡು ಮೂಳೆ. ಮೆತ್ತನೆಯದರ ಮೇಲೆ ಕೂತರೆ ಆ ಭಾರ ಸುತ್ತಲ ಮಾಂಸಕ್ಕೂ ತೊಡೆಗೂ ಹಂಚಿಹೋಗುತ್ತೆ. ಹಲಗೆ ಮೇಲೆ ಹಂಚುವುದಿಲ್ಲ, ಎರಡೇ ಬಿಂದುವಿನಲ್ಲಿ ಒತ್ತುತ್ತೆ. ಅದಕ್ಕೇ ಅರ್ಧ ತಾಸಿಗೊಮ್ಮೆ ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಕೂರುವುದು. ಇದರ ಮೇಲೆ ಅಲುಗಾಟ ಬೇರೆ. ಕೂತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಮೇಲೆ-ಕೆಳಗಿನ ಅಲುಗಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಬಳಲುತ್ತೆ ಅಂತ ಈ ವಿಷಯ ಓದಿದವರು ಹೇಳ್ತಾರೆ.

ಇನ್ನು ಸೀಟಿನ ಎತ್ತರ. ನಮ್ಮವ್ವ ಐದಡಿಗೆ ಸ್ವಲ್ಪ ಕಡಿಮೆ. ಹಿಂದಕ್ಕೆ ಒರಗಿ ಕೂತರೆ ಅವಳ ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಹಲಗೆಯ ಮುಂದಿನ ಅಂಚು ತೊಡೆಯ ಕೆಳಗೆ ಒತ್ತುತ್ತಿತ್ತು. ಕಾಲು ನೆಲಕ್ಕೆ ಊರಬೇಕು ಅಂದರೆ ಮುಂದೆ ಸರಿದು ತುದಿಯಲ್ಲಿ ಕೂರಬೇಕು, ಆಗ ಬೆನ್ನಿಗೆ ಆಸರೆ ಇಲ್ಲ. ಬೆನ್ನೋ ಕಾಲೋ, ಎರಡರಲ್ಲಿ ಒಂದು ಆರಿಸಿಕೋ ಅನ್ನೋ ಸೀಟು. ನಮ್ಮ ಕಡೆ ಹೆಂಗಸರು ರೈಲಿನಲ್ಲಿ ಚಪ್ಪಲಿ ಬಿಟ್ಟು ಚಕ್ಕಂಬಕ್ಕಳ ಹಾಕಿ ಸೀಟಿನ ಮೇಲೇ ಕೂರುವುದನ್ನು ಎಷ್ಟೋ ಜನ ಹಳ್ಳಿಯ ರೂಢಿ ಅಂತ ತಮಾಷೆ ಮಾಡಿದ್ದಾರೆ. ನಾನೂ ಮಾಡಿದ್ದೆ. ಆ ಸೀಟಿನಲ್ಲಿ ಅವರ ಎತ್ತರಕ್ಕೆ ಉಳಿದಿದ್ದ ಸರಿಯಾದ ಭಂಗಿ ಅದೊಂದೇ.

ಡಬ್ಬಿಯ ಗೋಡೆ ಮೇಲೆ ‘90 ಜನ ಕೂರಲು’ ಅಂತ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಅಲ್ಲಿ ಲೆಕ್ಕ ಇದೆ, ಅಳತೆ ಇಲ್ಲ. ಎಷ್ಟು ಜನ ಅಂತ ಎಣಿಸಿದ್ದಾರೆ, ಎಂಥ ಜನ ಅಂತ ಕೇಳಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕಂದರೆ ಆ ಹಲಗೆಗೂ ಗುಣಗಳಿದ್ದವು. ಏಪ್ರಿಲ್ ಬಿಸಿಲಲ್ಲಿ ರೆಕ್ಸಿನ್ ಸೀಟು ಬೆನ್ನಿಗೆ ಅಂಟುತ್ತೆ. ಸಂದಿರುವ ಮರ ಗಾಳಿ ಆಡಿಸುತ್ತೆ. ಬ್ಲೇಡು ಹಾಕಿದರೂ ಹರಿಯಲ್ಲ. ನೀರು ಹೊಡೆದರೆ ತೊಳೆದು ಹೋಗುತ್ತೆ. (ತಿಗಣೆಗೂ ಆ ಸಂದು ಬಹಳ ಪ್ರಿಯ ಅನ್ನೋದು ಬೇರೆ ಮಾತು.) ಎಲ್ಲಕ್ಕಿಂತ ದೊಡ್ಡ ಗುಣ, ಅದು ಬೆಂಚು, ಕುರ್ಚಿ ಅಲ್ಲ. ನಡುವೆ ಕೈಯಾಸರೆ ಇಲ್ಲ, ‘ಇದು ನಿನ್ನದು ಅದು ನನ್ನದು’ ಅನ್ನೋ ಗೆರೆ ಇಲ್ಲ. ಮೂವರ ಬೆಂಚಿನಲ್ಲಿ ಐದನೆಯವರು ಬಂದು “ಸ್ವಲ್ಪ ಸರೀರಿ” ಅಂದರೆ ನಾಲ್ವರೂ ಬೈಕೊಂಡೇ ಸರಿಯುತ್ತಿದ್ದರು. ಬ್ಯಾಡಗಿಯಲ್ಲಿ ಹತ್ತಿದವರ ಮೆಣಸಿನಕಾಯಿ ಚೀಲ ಬೆಂಚಿನ ಕೆಳಗೆ ಹೋಗುತ್ತಿತ್ತು. ಅದರ ಘಾಟಿಗೆ ಇಡೀ ಡಬ್ಬಿ ಸೀನುತ್ತಿತ್ತು, ಯಾರದ್ದೋ ಕೂಸು ಯಾರದ್ದೋ ತೊಡೆ ಮೇಲೆ ಮಲಗಿರುತ್ತಿತ್ತು. ಎದುರುಬದುರು ಸೀಟಾದ್ದರಿಂದ ಮಾತು ಬೇಡ ಅಂದರೂ ಬರುತ್ತಿತ್ತು. ಇವತ್ತಿನ ಜನಶತಾಬ್ದಿಯ ಕುರ್ಚಿಗಳಲ್ಲಿ ಇದು ಸಾಧ್ಯ ಇಲ್ಲ. ಅಲ್ಲಿ ಮುಂದಿನವನ ತಲೆಯ ಹಿಂಭಾಗ ನೋಡುತ್ತ ಬೆಂಗಳೂರು ತಲುಪಬೇಕು, ಚೀಲ ಇಡೋಕೆ ಕಾಲಿನ ಜಾಗವನ್ನೇ ಕೊಡಬೇಕು.

ನನ್ನ ಹಳೇ ಬರಹ ತಪ್ಪಿದ್ದು ಇಲ್ಲಿ. ಮೇಲೆ ಹೇಳಿದ್ದರಲ್ಲಿ ಗಾಳಿ, ತೊಳೆಯುವ ಸುಲಭ ಹಲಗೆಯದ್ದು, ಸರಿ. ಆದರೆ ಸರಿದು ಕೂತವರು ಜನ. ಕೂಸು ಎತ್ತಿಕೊಂಡವರು ಜನ. ಮಂಡಕ್ಕಿ ಹಂಚಿದವರು ಜನ. ಆ ಡಬ್ಬಿಯಲ್ಲಿ ನನಗೆ ಸಿಕ್ಕ ಆರಾಮವೆಲ್ಲ ಕೂತವರು ಒಬ್ಬರಿಗೊಬ್ಬರು ಕೊಟ್ಟದ್ದು. ಅದನ್ನು ನಾನು ಸೀಟಿನ ಖಾತೆಗೆ ಜಮಾ ಮಾಡಿಬಿಟ್ಟೆ. ‘ಹಲಗೆ ಗಟ್ಟಿ ಇದ್ದದ್ದಕ್ಕೇ ಮನಸ್ಸು ಮೆತ್ತಗಿತ್ತು’ ಅನ್ನೋ ಧಾಟಿಯಲ್ಲಿ ಒಂದು ಸಾಲು ಕೂಡ ಬರೆದಿದ್ದೆ. ಈಗ ನೆನೆದರೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಮನಸ್ಸು ಮೆತ್ತಗಿದ್ದವರಿಗೆ ಎರಡಿಂಚು ಸ್ಪಂಜು ಹಾಕಿದ್ದರೆ ಅದೇನು ಗಟ್ಟಿಯಾಗಿಬಿಡ್ತಿತ್ತೇ?

ಎರಡಿಂಚು ಅನ್ನೋದು ಸುಮ್ಮನೆ ಬಾಯಿಗೆ ಬಂದ ಅಳತೆ ಅಲ್ಲ, ಅದಕ್ಕೊಂದು ಕಥೆ ಇದೆ. ನಮ್ಮಲ್ಲಿ ಥರ್ಡ್ ಕ್ಲಾಸ್ ಅನ್ನೋ ಹೆಸರು ಹೋದದ್ದು 1974ರಲ್ಲಿ. ಹೆಸರು ಸೆಕೆಂಡ್ ಕ್ಲಾಸ್ ಆಯ್ತು, ಹಲಗೆ ಹಲಗೆಯಾಗೇ ಉಳಿಯಿತು. ಸ್ಲೀಪರಿನಲ್ಲೂ ರಾತ್ರಿಯಿಡೀ ಬರೀ ಮರದ ಮೇಲೆ ಮಲಗಬೇಕಿತ್ತು. 1977ರಲ್ಲಿ ಜನತಾ ಸರ್ಕಾರದ ರೈಲ್ವೆ ಮಂತ್ರಿಯಾಗಿ ಬಂದ ಮಧು ದಂಡವತೆ ಆ ಬರ್ತುಗಳಿಗೆ ಎರಡಿಂಚಿನ ಫೋಮ್ ಹಾಕಿಸಿದರು. ಫಸ್ಟ್ ಕ್ಲಾಸನ್ನು ಕೆಳಗಿಳಿಸುವುದು ತಮ್ಮ ಉದ್ದೇಶ ಅಲ್ಲ, ಸೆಕೆಂಡ್ ಕ್ಲಾಸನ್ನು ಮೇಲೆತ್ತುವುದು ಅನ್ನೋದು ಅವರ ವಾದವಾಗಿತ್ತು. ಅವರು ಹೊಸ ಹಳಿ ಹಾಕಲಿಲ್ಲ, ಹೊಸ ಡಬ್ಬಿ ಕಂಡುಹಿಡಿಯಲಿಲ್ಲ. ಅದೇ ಡಬ್ಬಿ, ಅದೇ ಗಾಲಿ, ಅದೇ ಬರ್ತು. ಮೇಲೆ ಎರಡಿಂಚು.

ಅಳತೆಯೂ ಸರಿಯಾಗಿಯೇ ಇದೆ. ತೀರಾ ದಪ್ಪ, ತೀರಾ ಮೆತ್ತಗಿನ ಸ್ಪಂಜು ಹಾಕಿದರೆ ಮೈ ಹುಗಿದು, ಅಲುಗಾಟ ಇನ್ನೂ ಹೆಚ್ಚಾಗಬಹುದು. ತೆಳುವಾದ, ಬಿಗಿಯಾದ ಫೋಮು ಮೂಳೆಯ ಭಾರ ಹಂಚುತ್ತೆ, ಬೇಕಾದದ್ದು ಅಷ್ಟೇ.

ಆ ಎರಡಿಂಚು ನನಗೆ ಯಾಕೆ ದೊಡ್ಡದಾಗಿ ಕಾಣುತ್ತೆ ಅಂದರೆ, ಅದು ಹಿಂದಿನ ನೂರು ವರ್ಷದ ಬಣ್ಣ ಬಯಲು ಮಾಡುತ್ತೆ. ಅಲ್ಲಿಯವರೆಗೆ ‘ರೈಲು ಅಂದರೆ ಹೀಗೇ’ ಅಂತ ಎಲ್ಲರೂ ನಂಬಿದ್ದರು, ಮಳೆಗಾಲದಲ್ಲಿ ಕೆಸರು ಇರೋ ಹಾಗೆ. ಒಂದು ಸಹಿಯಿಂದ ಬದಲಾಗಬಹುದಾದದ್ದು ಅಂದಮೇಲೆ, ಅದು ಕೆಸರಲ್ಲ, ತೀರ್ಮಾನ. ಗಟ್ಟಿ ಹಲಗೆ ಹಾಗೇ ಇರಲಿ ಅಂತ ಪ್ರತಿವರ್ಷ ಯಾರೋ ತೀರ್ಮಾನಿಸುತ್ತಿದ್ದರು, ಅಥವಾ ತೀರ್ಮಾನಿಸಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಮತ್ತೆ ಆ ಫೋಮು ಮೊದಲು ಸಿಕ್ಕಿದ್ದು ಯಾರಿಗೆ? ರಾತ್ರಿ ಮಲಗಿ ದೂರ ಹೋಗುವವರಿಗೆ. ಸರಿಯಾದ ಆದ್ಯತೆಯೇ. ಆದರೆ ನನ್ನಂಥವರು ಹತ್ತುತ್ತಿದ್ದ ರಿಸರ್ವೇಶನ್ ಇಲ್ಲದ ಡಬ್ಬಿಗೆ ಅದು ಬರೋಕೆ ಇನ್ನೂ ದಶಕಗಳೇ ಹಿಡಿದವು. ಹತ್ತಿರದ ಊರಿಗೆ ಹೋಗೋರು, ಸ್ವಲ್ಪ ಹೊತ್ತು ತಾನೆ, ಅನ್ನೋ ಲೆಕ್ಕ ಇದ್ದಿರಬೇಕು. ಹಾವೇರಿಯಿಂದ ರಾಣೇಬೆನ್ನೂರು ಮೂವತ್ತು ಚಿಲ್ಲರೆ ಕಿಲೋಮೀಟರು, ನಡುವೆ ಬ್ಯಾಡಗಿ, ದೇವರಗುಡ್ಡ. ಕಾಗದದ ಮೇಲೆ ಏನೂ ಅಲ್ಲ. ಆದರೆ ಆಗ ಇದ್ದದ್ದು ಒಂದೇ ಹಳಿ. ಎಕ್ಸ್‌ಪ್ರೆಸ್ ಬರುತ್ತೆ ಅಂದರೆ ಪ್ಯಾಸೆಂಜರು ಪಕ್ಕಕ್ಕೆ ಸರಿದು ನಿಲ್ಲಬೇಕು. ಮೆತ್ತನೆ ಸೀಟಿನವರು ಮುಂದೆ ಹೋಗಲಿ ಅಂತ ಹಲಗೆ ಸೀಟಿನವರು ಕಾಯುತ್ತಿದ್ದರು. ಜೊತೆಗೆ 1997ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ನಮ್ಮ ಜಿಲ್ಲಾಕೇಂದ್ರ ಧಾರವಾಡ. ಡಿಸಿ ಆಫೀಸಿನ ಒಂದು ಕಾಗದಕ್ಕೆ ರಾಣೇಬೆನ್ನೂರಿನವರು ನೂರು ಕಿಲೋಮೀಟರಿಗೂ ಮೇಲೆ ಹೋಗಿ ಅದೇ ದಿನ ವಾಪಸ್ ಬರಬೇಕು. ‘ಸ್ವಲ್ಪ ಹೊತ್ತು’ ಅನ್ನೋದು ಟೈಮ್‌ಟೇಬಲ್ಲಿನಲ್ಲಿ ಮಾತ್ರ ಇತ್ತು.

ಕಡಿಮೆ ದುಡ್ಡು ಕೊಟ್ಟವರಿಗೆ ಕಡಿಮೆ ಸೌಕರ್ಯ, ಅದರಲ್ಲೇನು ತಪ್ಪು ಅಂತ ಕೇಳಬಹುದು. ಇದಕ್ಕೆ ಗಾಂಧೀಜಿ 1917ರಲ್ಲೇ ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದಾರೆ. ಆ ವರ್ಷ ಸೆಪ್ಟೆಂಬರಿನಲ್ಲಿ ಅವರು ಮುಂಬಯಿಯಿಂದ ಮದರಾಸಿಗೆ ಥರ್ಡ್ ಕ್ಲಾಸಿನಲ್ಲಿ ಹೋದರು. ಡಬ್ಬಿಯ ಮೇಲೆ 22 ಜನ ಅಂತ ಬರೆದಿತ್ತು, ಮಲಗೋಕೆ ಜಾಗ ಇಲ್ಲ, ದಾರಿಯಲ್ಲಿ ಎರಡು ರಾತ್ರಿ. ನಮ್ಮ ರಾಯಚೂರು ಬಂದಮೇಲಂತೂ ನೂಕುನುಗ್ಗಲು ತಡೆಯಲಾಗದಷ್ಟಾಯ್ತು ಅಂತ ಪತ್ರಿಕೆಗಳಿಗೆ ಬರೆದರು. ಫಸ್ಟ್ ಕ್ಲಾಸಿನ ದರ ಥರ್ಡ್ ಕ್ಲಾಸಿನ ಐದು ಪಟ್ಟಿಗಿಂತ ಹೆಚ್ಚು. ಹಾಗಾದರೆ ಥರ್ಡ್ ಕ್ಲಾಸಿನವನಿಗೆ ಅವರ ಸೌಕರ್ಯದ ಐದನೇ ಒಂದು ಭಾಗವಾದರೂ, ಹೋಗಲಿ ಹತ್ತನೇ ಒಂದು ಭಾಗವಾದರೂ ಸಿಗುತ್ತಿದೆಯಾ ಅನ್ನೋದು ಅವರ ಪ್ರಶ್ನೆ. ಅವರು ಕೇಳಿದ್ದು ಸಮಾನತೆ ಅಲ್ಲ, ಬರೀ ಭಾಗಾಕಾರ. ಅದೇ ಗಾಂಧಿಯ ಜೊತೆ 1930ರಲ್ಲಿ ದಂಡಿಗೆ ನಡೆದುಹೋದ ಕರ್ನಾಟಕದ ಹುಡುಗ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇವತ್ತು ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರು.

ಇನ್ನೂ ಕಟುವಾದ ಉತ್ತರ ಫ್ರಾನ್ಸಿನ ಜೂಲ್ ಡ್ಯುಪ್ವಿ ಅನ್ನೋ ಎಂಜಿನಿಯರಿನದು. 1849ರಲ್ಲಿ ಆತ ಬರೆದದ್ದರ ಸಾರ ಹೀಗಿದೆ: ರೈಲು ಕಂಪನಿಗಳು ಥರ್ಡ್ ಕ್ಲಾಸಿನ ಡಬ್ಬಿಗೆ ಸೂರು ಹಾಕದೆ, ಬೆಂಚಿಗೆ ಮೆತ್ತೆ ಹಾಕದೆ ಬಿಡುವುದು ನಾಲ್ಕು ಕಾಸು ಉಳಿಸೋಕಲ್ಲ. ಬಡವರ ಮೇಲೆ ದ್ವೇಷ ಇದೆ ಅಂತಲೂ ಅಲ್ಲ. ಸೆಕೆಂಡ್ ಕ್ಲಾಸಿನ ದುಡ್ಡು ಕೊಡಬಲ್ಲವನು ಥರ್ಡ್ ಕ್ಲಾಸಿಗೆ ಬಂದುಬಿಡಬಾರದು, ಅವನನ್ನು ಹೆದರಿಸಬೇಕು. ಅದಕ್ಕೆ ಬಡವನ ಬೆನ್ನು ಬೇಕು. ಬ್ರಿಟನ್ನಿನ ಮಿಡ್‌ಲ್ಯಾಂಡ್ ರೈಲ್ವೆ ಇದನ್ನು ಉಲ್ಟಾ ಮಾಡಿ ತೋರಿಸಿತು. 1875ರ ಜನವರಿಯಿಂದ ಸೆಕೆಂಡ್ ಕ್ಲಾಸನ್ನೇ ರದ್ದು ಮಾಡಿ, ಥರ್ಡ್ ಕ್ಲಾಸಿಗೆ ಮೆತ್ತೆ ಸೀಟು ಕೊಟ್ಟಿತು. ಉಳಿದ ಕಂಪನಿಗಳು ಹಲ್ಲು ಕಡಿದವು, ಕ್ರಮೇಣ ಹಿಂಬಾಲಿಸಿದವು. ನಮ್ಮ ಲೈನಿನ ಹಲಗೆ ಬೇಕಂತಲೇ ಯಾರನ್ನೋ ಹೆದರಿಸೋಕೆ ಇಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಕೂತವರ ಮೂಳೆಗೆ ಮರೆವಿನ ಹಲಗೆ ಬೇರೆ, ಉದ್ದೇಶದ ಹಲಗೆ ಬೇರೆ ಅಂತ ಗೊತ್ತಾಗಲ್ಲ.

ಡ್ಯುಪ್ವಿಯನ್ನು ಓದಿದಾಗ ನನಗೆ ಎದೆ ಧಸಕ್ಕೆಂದಿದ್ದು ರೈಲಿನ ಕಾರಣಕ್ಕಲ್ಲ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಒಂದು ಆ್ಯಪಿಗೆ ‘ಫ್ರೀ ಪ್ಲ್ಯಾನ್’ ಮಾಡಬೇಕಿತ್ತು. ಫ್ರೀ ಬಳಕೆದಾರರಿಗೆ ಫೈಲು ನಿಧಾನ ಡೌನ್‌ಲೋಡ್ ಆಗಬೇಕು. ಸರ್ವರ್‌ಗೆ ವೇಗ ಇತ್ತು. ಬೇಗ ಕೊಡೋಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಆದರೂ ಹದಿನೈದು ಸೆಕೆಂಡು ಸುಮ್ಮನೆ ಕಾಯಿಸುವ ಕೋಡು ಬರೆದವನು ನಾನೇ. ಟೆಸ್ಟಿಂಗ್ ಮಾಡುವಾಗ ನನಗೇ ರೇಗುತ್ತಿತ್ತು, ‘ಚೆನ್ನಾಗಿ ಕೆಲಸ ಮಾಡ್ತಿದೆ’ ಅಂತ ರಿಪೋರ್ಟ್ ಕೊಟ್ಟೆ. ಆ ಹದಿನೈದು ಸೆಕೆಂಡು ನಾನು ಮಾಡಿದ ಮರದ ಹಲಗೆ. ಆ ಕಡೆ ಕೂತವರ ಮುಖ ನನಗೆ ಕಾಣಲಿಲ್ಲ, ಅಷ್ಟೇ. ಹಳೇ ಡಬ್ಬಿಯ ನಕ್ಷೆ ಬರೆದವನಿಗೂ ಬಹುಶಃ ಯಾರ ಮುಖವೂ ಕಂಡಿರಲಿಕ್ಕಿಲ್ಲ.

ಈಗ ಕಾಲ ಬದಲಾಗಿದೆ ಅಂತೀರಿ. ಬದಲಾಗಿದೆ, ಒಪ್ಪುತ್ತೇನೆ. ಜನರಲ್ ಡಬ್ಬಿಗಳಲ್ಲೂ ಈಗ ರೆಕ್ಸಿನ್ ಹೊದಿಸಿದ ಮೆತ್ತೆ ಇದೆ. ದೀನದಯಾಳು ಅನ್ನೋ ಡಬ್ಬಿಗಳಲ್ಲಿ ಲಗೇಜು ಅಟ್ಟಕ್ಕೂ ಮೆತ್ತೆ ಹಾಕಿದರು, ಜನ ಅಲ್ಲೇ ಹತ್ತಿ ಕೂರುತ್ತಾರೆ ಅನ್ನೋ ಸತ್ಯವನ್ನು ಕೊನೆಗೂ ಒಪ್ಪಿಕೊಂಡ ಹಾಗೆ. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಬಂತು. ಅದರ ಸೀಟಿನ ಫೋಟೋಗಳು ಎಲ್ಲರ ಫೋನಿನಲ್ಲಿವೆ. ಅದೇ ವರ್ಷದ ಕೊನೆಗೆ ಎಸಿ ಇಲ್ಲದ ಅಮೃತ್ ಭಾರತ್ ಶುರುವಾಯ್ತು, ಮೊದಲ ಎರಡರಲ್ಲಿ ಒಂದು ಬೆಂಗಳೂರಿನದೇ. ಅದು ಸರಿಯಾದ ದಿಕ್ಕು. ಆದರೆ ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ರೈಲುಗಳಿಗೆ ‘ಸ್ಪೆಷಲ್’ ಅಂತ ಹೆಸರಿಟ್ಟು ಕನಿಷ್ಠ ದರ 10ರಿಂದ 30 ರೂಪಾಯಿ ಆದದ್ದು, 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿದದ್ದು ನೆನಪಿದೆಯಲ್ಲ? ದರ ಮೂರು ಪಟ್ಟಾದಾಗ ಸೀಟು ಒಂದಿಂಚೂ ಬದಲಾಗಿರಲಿಲ್ಲ. ಗಾಂಧಿಯ ಭಾಗಾಕಾರ ಇನ್ನೂ ಮುಗಿದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹತ್ತು ರೂಪಾಯಿ ಟಿಕೆಟ್ಟಿನ ಸೀಟಿನ ನಕ್ಷೆ ಬರೆಯುವಾಗ ಎಷ್ಟು ಜನ ಹಿಡಿಸುತ್ತೆ ಅನ್ನುವ ಮೊದಲು ಐದಡಿಯ ಒಬ್ಬ ಹೆಂಗಸನ್ನು ಅದರ ಮೇಲೆ ಎರಡು ತಾಸು ಕೂರಿಸಿ ನೋಡಲಿ. ಅವಳ ಕಾಲು ನೆಲಕ್ಕೆ ತಾಗುತ್ತಾ, ಬೆನ್ನಿಗೆ ಆಸರೆ ಸಿಗುತ್ತಾ, ಚೀಲ ಎಲ್ಲಿ ಇಡ್ತಾಳೆ, ಕೂಸು ಎಲ್ಲಿ ಮಲಗುತ್ತೆ, ಇಷ್ಟು ಕೇಳಲಿ. ಬೆಂಚು ಬೆಂಚಾಗೇ ಇರಲಿ, ಕೈಯಾಸರೆ ಹಾಕಿ ಜನರನ್ನು ಬೇರೆ ಮಾಡೋದು ಬೇಡ. ಸರಿದು ಕೂರೋಕೆ ನಮ್ಮವರಿಗೆ ಬರುತ್ತೆ.

ಹೋದ ತಿಂಗಳು ಅವ್ವನ ಜೊತೆ ಹಾವೇರಿಯಿಂದ ರಾಣೇಬೆನ್ನೂರಿಗೆ ಹೋದೆ, ಮದುವೆಗೆ. ಜನರಲ್ ಡಬ್ಬಿ, ನೀಲಿ ರೆಕ್ಸಿನ್ ಸೀಟು, ಅಷ್ಟೇನೂ ಗದ್ದಲ ಇರಲಿಲ್ಲ. ಕಿಟಕಿ ಹತ್ತಿರ ಕೂರು ಅಂದೆ. ಅವ್ವ ಚೀಲದಿಂದ ಹಳೇ ಟವೆಲ್ಲೊಂದು ತೆಗೆದು, ನಾಲ್ಕು ಮಡಿಕೆ ಮಡಚಿ, ಸೀಟಿನ ಮೇಲೆ ಹಾಸಿ ಕೂತಳು. “ಮೆತ್ತೆ ಐತಲ್ಲಬೇ” ಅಂದೆ. ಕೈಯಿಂದ ಒತ್ತಿ ನೋಡಿದಳು. “ಹೌದಲ್ಲ” ಅಂದಳು. ಟವೆಲ್ ಮಾತ್ರ ತೆಗೀಲಿಲ್ಲ.